ಕಿಂಗ್‌ಸ್ಟನ್‌ನಲ್ಲಿ ಮಗಳಿಗೆ ಮನೆ ನೋಡಿದ್ದು

ನನ್ನ ದೊಡ್ಡ ಮಗಳಿಗೆ ಗಂಡಿನ ಮನೆ ನೋಡಲು ನಾವು ಲಂಡನ್ನಿನ ಅಂಚಿನ ಕಿಂಗ್‌ಸ್ಟನ್‌ಗೆ ಹೋದದ್ದು ಒಂದು ಜುಲೈ ತಿಂಗಳ ಶನಿವಾರ. ಎರಡು ಸಾವಿರದ ಹದಿನೈದರ ಆಸುಪಾಸು ಇರಬೇಕು. ಮಗಳು ತೀರಿಕೊಂಡು ಆಗಲೇ ಇಪ್ಪತ್ತು ವರ್ಷ ದಾಟಿತ್ತು. ಹುಟ್ಟುವಾಗಲೇ ಅವಳಿಗೆ ಉಸಿರಿರಲಿಲ್ಲ. ಗಂಡೂ ಹಾಗೆಯೇ, ಮೂರು ವರ್ಷದವನಿದ್ದಾಗ ಜ್ವರದಲ್ಲಿ ಹೋದವನು.

ಘಟ್ಟದ ಮೇಲಿನ ಗೆಳತಿಯರಿಗೆ ಇದನ್ನು ಹೇಳಿದರೆ ಕಣ್ಣು ಬಾಯಿ ಬಿಟ್ಟು ನೋಡುತ್ತಾರೆ. ಉಡುಪಿ, ಮಂಗಳೂರಿನ ಕಡೆಯವರಿಗೆ ವಿವರಿಸಬೇಕಾಗಿಲ್ಲ. ಸಣ್ಣದರಲ್ಲೇ ಹೋದ ಮಕ್ಕಳು ಹೋದಲ್ಲೇ ನಿಲ್ಲುವುದಿಲ್ಲ, ಮನೆಯ ಉಳಿದ ಮಕ್ಕಳ ಜೊತೆಗೇ ಬೆಳೆಯುತ್ತಾರೆ, ಪ್ರಾಯಕ್ಕೆ ಬಂದಾಗ ಅವರಿಗೂ ಮದುವೆ ಮಾಡಬೇಕು ಎಂಬುದು ನಮ್ಮಲ್ಲಿಯ ಕ್ರಮ. ಜೀವ ಇರುವವರ ಮದುವೆ ನಡೆಯದ ಆಟಿ ತಿಂಗಳಲ್ಲಿ ಅವರ ಮದುವೆ. ಹಾಗೆಯೇ ಮಗುವನ್ನು ಕಳೆದುಕೊಂಡ ಇನ್ನೊಂದು ಮನೆ ಹುಡುಕಿ, ಜಾತಿ, ಗೋತ್ರದಂಥ ಬಳಿ ಎಲ್ಲ ವಿಚಾರಿಸಿ, ಮಾತು ಮುಗಿಸಿ, ಸೀರೆಯನ್ನೂ ಪಂಚೆಯನ್ನೂ ಅಕ್ಕಪಕ್ಕ ಇಟ್ಟು ಧಾರೆ ಎರೆಯುತ್ತಾರೆ. ಆಮೇಲೆ ಹುಡುಗಿ ಆ ಮನೆಯವಳು. ತವರಿನಲ್ಲಿ ಅವಳಿಗೆ ಎಡೆ ಇಡುವಂತಿಲ್ಲ, ಅವಳ ಸುಳಿವೂ ಇರುವುದಿಲ್ಲ.

ನನಗೆ ಬೇಡವಾಗಿದ್ದದ್ದು ಅದೇ. ನಂಬಿಕೆ ಇಲ್ಲವೆಂದು ಎಲ್ಲರೆದುರು ಹಾರಾಡುತ್ತಿದ್ದೆ. ನಂಬಿಕೆ ಇಲ್ಲದವಳಿಗೆ ಹೆದರಿಕೆ ಯಾಕೆ ಎಂದು ಯಾರೂ ಕೇಳಲಿಲ್ಲ, ಪುಣ್ಯ. ನಿಜ ಏನೆಂದರೆ ಮಗಳು ನನ್ನ ಜೊತೆಗೇ ಇದ್ದಳು. ಏರ್‌ಪೋರ್ಟಿನಲ್ಲಿ ನನಗೆ ಬೆಳಗಿನ ಶಿಫ್ಟು. ಫೆಲ್ಥಮ್‌ನ ನಮ್ಮ ಮನೆಯಲ್ಲಿ ಉಳಿದವರು ಏಳುವ ಮೊದಲೇ ಎದ್ದು, ಚಹಾಕ್ಕೆ ನೀರಿಟ್ಟು, ಅವಳನ್ನು ಹೆಸರು ಹಿಡಿದು ಕರೆಯುತ್ತಿದ್ದೆ. ಆಸ್ಪತ್ರೆಯಲ್ಲಿ ಮಗುವಿಗೆ ಹೆಸರಿಡುತ್ತೀರಾ ಎಂದು ನರ್ಸು ಕೇಳಿದಾಗ ನನ್ನ ಗಂಡ ಬೇಡವೆಂದು ತಲೆಯಾಡಿಸಿದ್ದರು. ಇಟ್ಟವಳು ನಾನೇ, ಮನಸ್ಸಿನಲ್ಲಿ. ಅದನ್ನು ಯಾರಿಗೂ ಹೇಳಿಲ್ಲ, ಇಲ್ಲಿ ಬರೆಯುವುದೂ ಇಲ್ಲ. ಕರೆದರೆ ಬರುತ್ತಿದ್ದಳು. ಕಣ್ಣಿಗೆ ಕಾಣುತ್ತಿರಲಿಲ್ಲ. ನೀವು ಒಲೆಯ ಕಡೆ ಮುಖ ಮಾಡಿರುವಾಗ ಹಿಂದೆ ಬಾಗಿಲ ಹತ್ತಿರ ಮನೆಯವರು ಯಾರಾದರೂ ಬಂದು ನಿಂತರೆ ತಿರುಗದೆಯೇ ಗೊತ್ತಾಗುತ್ತದಲ್ಲ, ಅಷ್ಟೇ. ನಾನು ಚಹಾ ಕುಡಿದು ಮುಗಿಸುವವರೆಗೆ ನಿಂತಿರುತ್ತಿದ್ದಳು.

ತೊಂದರೆ ಶುರುವಾದದ್ದು ಚಿಕ್ಕ ಮಗಳಿಂದ. ಕಾಲೇಜಿಗೆ ಹೋಗುವ ಹುಡುಗಿ, ಕನ್ನಡ ತುಳು ಎರಡೂ ಅರ್ಥವಾಗುತ್ತದೆ, ಉತ್ತರ ಮಾತ್ರ ಇಂಗ್ಲಿಷಿನಲ್ಲಿ. ಆ ಚಳಿಗಾಲದಲ್ಲಿ ಒಂದು ಬೆಳಿಗ್ಗೆ ಮೆಟ್ಟಿಲಿಳಿದು ಬಂದು, "ಮಮ್, ಸಮ್‌ಒನ್ ಸಿಟ್ಸ್ ಆನ್ ಮೈ ಬೆಡ್" ಅಂದಳು. ಮುಖ ಬಿಳಚಿಕೊಂಡಿತ್ತು. ಮಂಚದ ತುದಿ ತಗ್ಗುತ್ತದಂತೆ, ಯಾರೋ ಕೂತು ತನ್ನನ್ನೇ ನೋಡುತ್ತಾರಂತೆ. ಜಿಪಿ ಡಾಕ್ಟರ ಹತ್ತಿರ ಹೋದೆವು, ಓದಿನ ಒತ್ತಡ ಎಂದು ಮಾತ್ರೆ ಕೊಟ್ಟರು. ಹುಡುಗಿ ಸೊರಗುತ್ತಾ ಬಂದಳು. ನಿದ್ದೆಯಿಲ್ಲ, ಊಟ ಸೇರುತ್ತಿಲ್ಲ. ಹೆದರಬೇಕಾದ ನನಗೆ ಮೊದಲ ದಿನ ಸಂತೋಷವಾದದ್ದೂ ಸುಳ್ಳಲ್ಲ. ಅಕ್ಕ ತಂಗಿಯನ್ನು ನೋಡಲು ಹೋಗಿದ್ದಾಳೆ ಅಂದುಕೊಂಡೆ.

ಗಂಡ ಊರಿಗೆ ಫೋನ್ ಮಾಡಿ ತಾಯಿಗೆ ಹೇಳಿದರು. ಅತ್ತೆ ಜೋಯಿಸರಲ್ಲಿ ಪ್ರಶ್ನೆ ಇಡಿಸಿದರು. ದೊಡ್ಡವಳು ಮದುವೆ ಕೇಳುತ್ತಿದ್ದಾಳೆ, ಅದು ಆಗದೆ ಚಿಕ್ಕವಳಿಗೆ ನೆಮ್ಮದಿ ಇಲ್ಲ ಎಂದು ಬಂತು. ಈಸ್ಟ್ ಹ್ಯಾಮ್‌ನಲ್ಲಿರುವ ಗಂಡನ ಅಕ್ಕ, ನನ್ನ ಅತ್ತಿಗೆ, ಟೊಂಕ ಕಟ್ಟಿ ನಿಂತರು. ಜೀವಂತ ಇರುವವರಿಗೇ ಈ ಲಂಡನ್ನಿನಲ್ಲಿ ಸಂಬಂಧ ಕುದುರಿಸುವುದು ಕಷ್ಟ. ಅತ್ತಿಗೆ ಹದಿನೈದು ದಿನ ಕಳೆಯುವುದರೊಳಗೆ ಗಂಡು ಹುಡುಕಿದರು. ಕಿಂಗ್‌ಸ್ಟನ್‌ನ ಹಳೆ ಸಂತೆಯ ಪಕ್ಕದ ಮನೆ, ನಮ್ಮದೇ ಜನ.

ಆಯಿತು ಅಂದೆ. ಹೋಗಿ ನೋಡಿ, ಏನಾದರೂ ಹುಳುಕು ತೆಗೆದು, ಬೇಡ ಅಂದರಾಯಿತು ಎಂದು ಒಳಗೊಳಗೇ ನಿಶ್ಚಯ ಮಾಡಿಕೊಂಡಿದ್ದೆ. ಚಿಕ್ಕವಳ ಮುಖ ನೋಡಿದರೆ ಆ ನಿಶ್ಚಯ ಅಲುಗಾಡುತ್ತಿತ್ತು. ಬೆಳಿಗ್ಗೆ ಅಡುಗೆಮನೆಯಲ್ಲಿ ನಿಂತಾಗ ಮತ್ತೆ ಗಟ್ಟಿಯಾಗುತ್ತಿತ್ತು.

ಅತ್ತಿಗೆ ಫೋನಿನಲ್ಲೇ ಕಟ್ಟಳೆಗಳನ್ನು ಹೇಳಿದ್ದರು. ಚಿಕ್ಕವಳನ್ನು ಕರೆತರಬಾರದು, ಮದುವೆಯಾಗದವರು ಇಂಥ ಮಾತಿಗೆ ಕೂರಬಾರದು. ಬಸ್ಸಿನಲ್ಲಿ ದೊಡ್ಡವಳಿಗೂ ಜಾಗ ಬಿಡಬೇಕು. ಹೊಳೆ ದಾಟುವಾಗ ಅವಳನ್ನು ಕರೆಯಬೇಕು.

"ಕರೀದಿದ್ರೆ ಆಚೆ ದಡದಲ್ಲೇ ನಿಲ್ತಾಳೆ ಮಾರಾಯ್ತಿ. ಮಗಾ ಅಂತ ಆದ್ರೂ ಕರಿ."

ಬಸ್ಸು ಹತ್ತಿ ಪಕ್ಕದ ಸೀಟಿನಲ್ಲಿ ನನ್ನ ಚೀಲ ಇಟ್ಟೆ. ಗಂಡ ಹಿಂದಿನ ಸೀಟಿನಲ್ಲಿ ಕೂತರು. ಶನಿವಾರದ ಜನ, ಟೆಡಿಂಗ್ಟನ್ ಬರುವ ಹೊತ್ತಿಗೆ ಬಸ್ಸು ತುಂಬಿ, ತಳ್ಳುಗಾಡಿ ಹಿಡಿದ ತಾಯಂದಿರು, ಮುದುಕರು, ಎಲ್ಲ ನಿಂತೇ ಇದ್ದರು. ಚೀಲ ತೆಗೆಯಿರಿ ಎಂದು ಯಾರಾದರೂ ಕೇಳುತ್ತಾರೆ, ಜಗಳ ಆಡಬಹುದು ಎಂದು ಕಾಯುತ್ತಿದ್ದೆ. ಒಬ್ಬರೂ ಕೇಳಲಿಲ್ಲ. ಕೋಲು ಹಿಡಿದ ಒಬ್ಬ ಹೆಂಗಸು ಆ ಸೀಟನ್ನು ನೋಡಿ, ಸುಮ್ಮನೆ ಮುಂದೆ ಹೋಗಿ ಕಂಬಿ ಹಿಡಿದು ನಿಂತಳು. ಅಲ್ಲಿಂದ ನನಗೆ ಮೈ ಸರಿಯಿರಲಿಲ್ಲ.

ಥೇಮ್ಸ್ ಸೇತುವೆ ಬಂತು. ಕೆಳಗೆ ನೀರು ಮಣ್ಣಿನ ಬಣ್ಣದ್ದು, ಹಂಸಗಳು ದಡಕ್ಕೆ ಒತ್ತಿಕೊಂಡಿದ್ದವು. ಕರೆಯುವುದು ಬೇಡ, ಈಚೆಯಲ್ಲೇ ಉಳಿಯಲಿ, ಸಂಜೆ ಕರೆದುಕೊಂಡು ಹೋದರಾಯಿತು ಅನಿಸಿತು. ಬಸ್ಸು ಸೇತುವೆಯ ನಡುವೆ ಸಿಗ್ನಲ್‌ಗೆ ನಿಂತೇಬಿಟ್ಟಿತು. ಗುರುತಿಲ್ಲದ ಊರಿನಲ್ಲಿ ಒಂಟಿ ಹುಡುಗಿಯನ್ನು ಹೊಳೆಬದಿಯಲ್ಲಿ ಬಿಟ್ಟು ಹೋಗುವುದು ಹೇಗೆ? ತುಟಿ ಅಲುಗದ ಹಾಗೆ ಕರೆದೆ. ಬಸ್ಸು ಹೊರಟಿತು.

ಸಂತೆಯ ಚೌಕದಲ್ಲಿ ಅತ್ತಿಗೆ ಕಾಯುತ್ತಿದ್ದರು. ರೇಷ್ಮೆ ಸೀರೆ, ಕಾಲಿಗೆ ಓಡುವವರ ಬೂಟು, ಕೈಯಲ್ಲಿ ವೀಳ್ಯದೆಲೆಯ ಕಟ್ಟು. ಮೂರು ಜನ ಶುಭಕಾರ್ಯಕ್ಕೆ ಹೊರಡಬಾರದಲ್ಲ ಎಂದು ನಾನು ಮೊದಲ ಹುಳುಕು ತೆಗೆದೆ.

"ಮೂರೆಲ್ಲಿ? ನಾಲ್ಕಲ್ವಾ? ಅವಳೂ ಬಂದಿದ್ದಾಳಲ್ಲ" ಅಂದರು ಅತ್ತಿಗೆ, ಎಲೆಯ ಕಟ್ಟನ್ನು ಕೊಡವುತ್ತಾ.

ಕೂಡಲೇ ಹೋಗುವಂತೆಯೂ ಇರಲಿಲ್ಲ, ರಾಹುಕಾಲ. ಊರಿನ ಪಂಚಾಂಗ ಇಲ್ಲಿಗೆ ನಡೆಯುವುದಿಲ್ಲವೆಂದು ಅತ್ತಿಗೆ ಲಂಡನ್ನಿನ ಸೂರ್ಯೋದಯಕ್ಕೇ ಲೆಕ್ಕ ಹಾಕಿಸಿದ್ದರು. ಇಲ್ಲಿಯ ಬೇಸಿಗೆಯ ಹಗಲು ಮುಗಿಯುವುದೇ ಇಲ್ಲವಾದ್ದರಿಂದ ರಾಹುಕಾಲವೂ ಅಷ್ಟೇ ಉದ್ದ. ಅದು ಕಳೆಯುವವರೆಗೆ ಊರು ನೋಡುವುದೆಂದಾಯಿತು.

ಚೆಂದದ ಊರು, ಸುಳ್ಳು ಹೇಳಬಾರದು. ಮಧ್ಯದಲ್ಲಿ ಹಳೆಯ ಸಂತೆಕಟ್ಟೆಯ ಕಟ್ಟಡ, ಅದರ ನೆತ್ತಿಯಲ್ಲಿ ಚಿನ್ನದ ಬಣ್ಣದ ರಾಣಿಯ ಪ್ರತಿಮೆ. ಸುತ್ತ ಕಪ್ಪು ಮರದ ಪಟ್ಟಿಗಳ ಮನೆಗಳು, ಮಹಡಿ ಬೀದಿಯ ಮೇಲೆ ಬಾಗಿಕೊಂಡಿದೆ. ಕೆಳಗೆ ಮೀನಿನವನು, ಬ್ರೆಡ್ಡಿನವಳು, ಫೋನಿನ ಕವರು ಮಾರುವವನು, ಹೂವಿನವರು. ನೂರಾರು ವರ್ಷಗಳಿಂದ ಇಲ್ಲಿ ಸಂತೆ ಎಂದು ಒಂದು ಫಲಕ ಹೇಳುತ್ತಿತ್ತು. ಸುಮ್ಮನೆ ಓದಿದ್ದರೆ ಹೆಮ್ಮೆಯ ಮಾತು. ಆ ದಿನ ನನಗೆ ಹೊಳೆದದ್ದು ಬೇರೆ. ಇಷ್ಟು ವರ್ಷ ಇಲ್ಲಿ ಕೊಂಡವರು ಮಾರಿದವರು ಎಲ್ಲ ಎಲ್ಲಿ ಹೋದರು? ಚೌಕದಲ್ಲಿ ಜಾಗ ಸಾಲದೆ ಒಬ್ಬರ ಮೇಲೊಬ್ಬರು ನಿಂತಿರಬೇಕು ಅನಿಸಿ, ನಡೆಯುವಾಗ ಮೈ ಚಿಕ್ಕದು ಮಾಡಿಕೊಂಡೆ.

ಸ್ವಲ್ಪ ಮುಂದೆ, ಕೌನ್ಸಿಲ್ ಕಚೇರಿಯ ಹತ್ತಿರ, ಕಬ್ಬಿಣದ ಬೇಲಿಯೊಳಗೆ ಒಂದು ಬೂದು ಕಲ್ಲು. ಸಾವಿರ ವರ್ಷದ ಹಿಂದೆ ಈ ದೇಶದ ರಾಜರನ್ನು ಅದರ ಮೇಲೆ ಕೂರಿಸಿ ಪಟ್ಟ ಕಟ್ಟಿದ್ದರಂತೆ, ಅವರ ಹೆಸರುಗಳನ್ನು ಪೀಠದಲ್ಲಿ ಕೆತ್ತಿದ್ದಾರೆ. ಅತ್ತಿಗೆ ಯಾವ ಹೆಸರನ್ನೂ ಓದಲಿಲ್ಲ. ದೂರದಿಂದಲೇ ಬೂಟು ಬಿಚ್ಚಿದರು.

"ನಮ್ಮ ಭೂತದ ಕಲ್ಲೇ ಇದು. ಬೇಲಿ ಹಾಕಿದ್ದಾರೆ ನೋಡು. ಸುಮ್ಮನೆ ಹಾಕ್ತಾರಾ? ಈ ಊರಿಗೆ ಕಾಯುವವ ಒಬ್ಬ ಇದ್ದಾನೆ."

"ಅತ್ತಿಗೆ, ಅದು ರಾಜರ ಕಲ್ಲು."

"ರಾಜರು ಸತ್ತ ಮೇಲೆ ಎಂತ ಆಗ್ತಾರೆ ಮತ್ತೆ?"

ಅತ್ತಿಗೆ ಬೇಲಿಯ ಮೂಲಕ ಒಂದು ವೀಳ್ಯದೆಲೆ ತೂರಿಸಿ, ನಿಮ್ಮ ಸೀಮೆಗೆ ಒಂದು ಹೆಣ್ಣು ತರುತ್ತಿದ್ದೇವೆ, ಕಾಪಾಡಿಕೊಂಡು ಬರಬೇಕು ಎಂದು ತುಳುವಿನಲ್ಲಿ ಗಟ್ಟಿಯಾಗಿಯೇ ಬೇಡಿಕೊಂಡರು. ಫೋಟೋ ತೆಗೆಯುತ್ತಿದ್ದ ಇಬ್ಬರು ಪ್ರವಾಸಿಗಳು ದಾರಿ ಬಿಟ್ಟು ನಿಂತರು. ನನ್ನ ಗಂಡ ಕೂಡ ಕೈ ಮುಗಿದರು. ನಗು ಬರಬೇಕಿತ್ತು, ಬರಲಿಲ್ಲ.

ಖಾಲಿ ಕೈಯಲ್ಲಿ ಹೋಗಬಾರದೆಂದು ಸಂತೆಗೆ ಮರಳಿ ಹಣ್ಣು ಕೊಳ್ಳಲು ನಿಂತೆವು. ಸ್ಟ್ರಾಬೆರಿ ಮಾರುವವನು ಕೆಂಪು ಮುಖದ ಬಾಯಾಳಿ ಮನುಷ್ಯ. ರುಚಿ ನೋಡಿ ಎಂದು ಅತ್ತಿಗೆಗೊಂದು, ಗಂಡನಿಗೊಂದು, ನನಗೊಂದು ಕೊಟ್ಟ. ಆಮೇಲೆ ನನ್ನ ಭುಜದ ಆಚೆಗೆ ಕೈ ಚಾಚಿ, ಇನ್ನೊಂದನ್ನು ಹಿಡಿದುಕೊಂಡು, "ಫಾರ್ ದ ಯಂಗ್ ಲೇಡಿ" ಅಂದ.

ಯಾವ ಯಂಗ್ ಲೇಡಿ ಅಂದೆ.

ಅವನು ಕಣ್ಣು ಕಿರಿದು ಮಾಡಿ ಹಿಂದಿನ ಜನಜಂಗುಳಿಯನ್ನು ನೋಡಿದ. ಸಾರಿ ಲವ್, ನಿಮ್ಮ ಜೊತೆಗೆ ಬಂದವಳು ಅಂದುಕೊಂಡೆ, ನಿಮ್ಮ ಹಾಗೇ ಇದ್ದಳು ಎಂದು ಹೇಳಿ, ಹಣ್ಣನ್ನು ತಾನೇ ಬಾಯಿಗೆ ಹಾಕಿಕೊಂಡ. ನಾನು ತಿರುಗಿ ನೋಡಿದೆ. ಸಂತೆ ತುಂಬ ಹುಡುಗಿಯರು, ಐಸ್‌ಕ್ರೀಮ್ ತಿನ್ನುವವರು, ಬ್ಯಾಗು ಹೊತ್ತವರು, ನಗುವವರು. ಒಬ್ಬಳೂ ನನ್ನ ಹಾಗೆ ಇರಲಿಲ್ಲ. ಗಂಡ ದುಡ್ಡು ಕೊಟ್ಟು ಹಣ್ಣಿನ ಬುಟ್ಟಿ ಎತ್ತಿಕೊಂಡರು. ಅವರಿಗೆ ಕೇಳಿಸಿತ್ತೋ ಇಲ್ಲವೋ ಗೊತ್ತಿಲ್ಲ. ಮಾತಿಗೂ ನನ್ನ ಗಂಡನಿಗೂ ಮೊದಲಿನಿಂದ ಅಷ್ಟಕ್ಕಷ್ಟೇ.

ಹುಡುಗನ ಮನೆ ಸಂತೆಯಿಂದ ಒಳಗೆ ಹೋಗುವ ಒಂದು ಓಣಿಯಲ್ಲಿ, ಅಂಗಡಿಯ ಮೇಲಿನ ಫ್ಲಾಟು. ಮೆಟ್ಟಿಲು ಒಬ್ಬರು ಹತ್ತುವಷ್ಟೇ ಅಗಲ. ಇದೊಂದು ಹುಳುಕು ಎಂದು ಮನಸ್ಸಿನಲ್ಲಿ ಗುರುತು ಹಾಕಿಕೊಂಡೆ. ಒಳಗೆ ಮರದ ತೊಲೆಗಳು ತಲೆಗೆ ತಾಗುವಂತಿದ್ದವು, ನೆಲ ಒಂದು ಮಗ್ಗುಲಿಗೆ ವಾಲಿತ್ತು, ಹೊಳೆಯ ತೇವದ ವಾಸನೆ ಬೇರೆ. ಹುಳುಕಿಗೆ ಬರವಿರಲಿಲ್ಲ. ತಂದೆ ರೆಸ್ಟೋರೆಂಟಿನಲ್ಲಿ ದುಡಿದು ನಿವೃತ್ತರಾದವರು, ಬೆನ್ನು ಬಾಗಿತ್ತು. ತಾಯಿ ಕುಂದಾಪುರದ ಕಡೆಯವರು, ಹಾಗಾಗಿ ಮಾತು ಕನ್ನಡದಲ್ಲೇ ನಡೆಯಿತು. ಸಪೂರ ಹೆಂಗಸು, ಮೆಲುದನಿ.

"ಬನ್ನಿ, ಕೂಕಣಿ" ಎಂದು ಅವರು ಕುರ್ಚಿಗಳನ್ನು ತೋರಿಸಿದರು. ನಾಲ್ಕು ಕುರ್ಚಿ ಇತ್ತು. ಕಾಫಿಯೂ ನಾಲ್ಕು ಲೋಟ ಬಂತು. ನಾಲ್ಕನೆಯದನ್ನು ಖಾಲಿ ಕುರ್ಚಿಯ ಮುಂದೆ, ಹಿಡಿ ಆ ಕಡೆಗೆ ಬರುವಂತೆ ಇಟ್ಟರು.

ಹುಡುಗನೆಲ್ಲಿ ಎಂದು ಅತ್ತಿಗೆ ಕೇಳಿಯೇಬಿಟ್ಟರು. ಈ ಮಾತುಕತೆಯಲ್ಲಿ ಹಾಗೆ ಕೇಳಬೇಕು, ಅದು ಪದ್ಧತಿ.

"ಒಳಗೆ ಇದ್ದಾನೆ. ಜನ ಬಂದ್ರೆ ಹೊರಗೆ ಬರುದಿಲ್ಲ. ಸಣ್ಣದಿರುವಾಗ್ಲೂ ಹಾಗೇ" ಅಂದರು ತಾಯಿ.

ಮುಚ್ಚಿದ ಬಾಗಿಲಿನ ಆಚೆ ಹಲಗೆ ಕಿರ್ ಎಂದಿತು. ಮತ್ತೆ ಇನ್ನೊಂದು, ಬಾಗಿಲಿಗೆ ಹತ್ತಿರ. "ಹಳೆ ಮರ, ಬಿಸಿಲಿಗೆ ಹೀಗೆ" ಎಂದರು ತಂದೆ ನನ್ನ ಮುಖ ನೋಡಿ. ತಾಯಿ ನಗಾಡಿದರು. "ಅವನಿಗೆ ನಾಚಿಕೆ."

ಆಮೇಲೆ ಅವರು ಹುಡುಗನ ಅಂಗಿ ತಂದು ತೋರಿಸಿದರು. ಪ್ರತಿ ವರ್ಷ ಹುಟ್ಟಿದ ದಿನಕ್ಕೆ ಒಂದು ಅಂಗಿ ತೆಗೆಯುತ್ತಾರಂತೆ, ಆಯಾ ವಯಸ್ಸಿನ ಅಳತೆಗೆ. ಈ ವರ್ಷದ್ದು ತೆಳು ನೀಲಿ. ಇಸ್ತ್ರಿ ಮಾಡಿತ್ತು. ಕಾಲರಿನ ಒಳಬದಿ ತೊಟ್ಟು ಬಿಟ್ಟ ಅಂಗಿಯ ಹಾಗೆ ಸ್ವಲ್ಪ ಮಾಸಿತ್ತು. ನಾನು ಅದನ್ನೇ ನೋಡುತ್ತಿದ್ದೆ.

"ರವಿಕೆ ಹೊಲಿಸ್ಬೇಕಲ್ಲ ಅಕ್ಕಾ, ಹುಡುಗಿದು ಅಳತೆ ಹೇಗೆ?" ಎಂದು ತಾಯಿ ನನ್ನನ್ನು ಕೇಳಿದರು.

ಅತ್ತಿಗೆ ಬಾಯಿ ತೆರೆದರು. ಏನೋ ಒಂದು ಅಂದಾಜು ಹೇಳಿ ಮುಗಿಸುವವರಿದ್ದರು. ಅಷ್ಟರಲ್ಲಿ ನಾನು ಮಾತಾಡುತ್ತಿದ್ದೆ.

"ನನ್ನಷ್ಟೇ ಎತ್ತರ. ಭುಜ ನನಗಿಂತ ಸಪೂರ. ಎಡದ ತೋಳು ಸ್ವಲ್ಪ ಸಡಿಲ ಇರ್ಲಿ, ಬಿಗಿ ಆದ್ರೆ ಅವಳಿಗೆ ಆಗುದಿಲ್ಲ."

ಹೇಳಿದ ಮೇಲೆ ನನ್ನ ಕಿವಿಗೇ ಅದು ಬೇರೆಯವರ ದನಿಯಾಗಿ ಕೇಳಿಸಿತು. ನನಗೆ ಇದೆಲ್ಲ ಯಾವಾಗ ಗೊತ್ತಾಯಿತು? ನಾನು ಅವಳನ್ನು ಒಮ್ಮೆಯೂ ತಿರುಗಿ ನೋಡಿದವಳಲ್ಲ. ಗಂಡ ಕಣ್ಣು ಮಿಟುಕಿಸದೆ ನನ್ನನ್ನೇ ನೋಡುತ್ತಿದ್ದರು. ಹುಡುಗನ ತಾಯಿಗೆ ಮಾತ್ರ ಆಶ್ಚರ್ಯವೇ ಆಗಲಿಲ್ಲ. ಅವನೂ ಹಾಗೆಯೇ, ಬಿಗಿ ಬಟ್ಟೆ ಆಗುವುದಿಲ್ಲ ಎಂದು ತಲೆದೂಗಿದರು. ನಂತರ ಅಡುಗೆ ಮಾಡುತ್ತಾಳಾ, ಸಿಟ್ಟು ಜಾಸ್ತಿಯಾ, ಬೆಳಿಗ್ಗೆ ಬೇಗ ಏಳುತ್ತಾಳಾ ಎಂದೆಲ್ಲ ಕೇಳಿದರು. ಎಲ್ಲದಕ್ಕೂ ನನ್ನ ಬಾಯಲ್ಲಿ ಉತ್ತರ ಇತ್ತು. ಪ್ರತಿ ಉತ್ತರಕ್ಕೂ ಅವಳು ನನ್ನಿಂದ ಒಂದಿಷ್ಟು ಆಚೆ ಸರಿದು ಅವರ ಮನೆಯೊಳಗೆ ಹೋಗುತ್ತಿದ್ದಾಳೆ ಅನಿಸುತ್ತಿತ್ತು. ಸಾಕು, ಈಗ ಬೇಡ ಎಂದು ಹೇಳಿಬಿಡಬೇಕು ಎಂದು ಸೆರಗು ಬಿಗಿ ಮಾಡಿಕೊಂಡೆ. ಮೆಟ್ಟಿಲು ಸಣ್ಣದು, ತೇವ ಜಾಸ್ತಿ, ನಮಗೆ ಒಪ್ಪಿಗೆಯಿಲ್ಲ. ಮಾತು ನಾಲಗೆಯ ತುದಿಯಲ್ಲೇ ಇತ್ತು.

"ಕಡೇದು ಒಂದು. ಹುಡುಗಿ ಹೆಸರೆಂತ? ಧಾರೆಯಲ್ಲಿ ಹೇಳ್ಬೇಕಲ್ಲ."

ಹೆಸರಿಟ್ಟಿಲ್ಲ, ಏನಾದರೂ ಒಂದು ಇಡುವ ಎಂದು ಅತ್ತಿಗೆ ಶುರು ಮಾಡಿದರು. ನನಗೆ ಜೀವ ಬಂತು. ಹೆಸರು ನನ್ನ ಹತ್ತಿರ ಮಾತ್ರ ಇತ್ತು, ನಾನು ಕೊಡುವವಳಲ್ಲ. ಹೆಸರಿಲ್ಲದ ಹುಡುಗಿಯನ್ನು ಧಾರೆಯಲ್ಲಿ ಯಾವ ಭಟ್ಟರೂ ಕರೆಯಲಾರರು.

ಆಗ ನನ್ನ ಗಂಡ ಒಂದು ಹೆಸರು ಹೇಳಿದರು.

ನಾನಿಟ್ಟ ಹೆಸರಲ್ಲ, ಬೇರೆಯದು. ನಾನು ಎಂದೂ ಕೇಳದ್ದು. ಯೋಚಿಸಿ ಹೇಳಿದ ಹಾಗೆ ಇರಲಿಲ್ಲ, ದಿನಾ ಬಳಸಿ ನಯವಾದ ಮಾತಿನ ಹಾಗೆ ಅವರ ಬಾಯಿಂದ ಬಂತು. ಆಮೇಲೆ ತಲೆ ತಗ್ಗಿಸಿ, "ನಾನು ಹಾಗೇ ಕರಿಯೂದು" ಅಂದರು. ಕರೆಯುತ್ತಿದ್ದೆ ಅನ್ನಲಿಲ್ಲ. ಹೆಸರಿಡುವುದು ಬೇಡವೆಂದು ತಲೆಯಾಡಿಸಿದ ಮನುಷ್ಯ, ಇಪ್ಪತ್ತು ವರ್ಷ ಮಗಳ ವಿಷಯ ತೆಗೆದರೆ ಎದ್ದು ಹೊರಗೆ ಹೋಗುತ್ತಿದ್ದವರು. ಅವರ ಕಣ್ಣಿಂದ ನೀರು ಮೂಗಿನ ತುದಿಗೆ ಬಂದು ಕಾಫಿಯ ಲೋಟಕ್ಕೆ ಬಿತ್ತು. ನನಗೆ ಅಯ್ಯೋ ಅನಿಸಿತು, ಅದರ ಹಿಂದೆಯೇ ಹೊಟ್ಟೆಯುರಿಯೂ ಆಯಿತು. ಅವಳು ಅವರ ಹತ್ತಿರವೂ ಹೋಗುತ್ತಿದ್ದಳು, ನನಗೆ ಗೊತ್ತಿಲ್ಲದೆ.

ಒಳಕೋಣೆಯ ಹಲಗೆಗಳು ಸುಮ್ಮನಾಗಿದ್ದವು. ಕೆಳಗೆ ಸಂತೆಯಲ್ಲಿ ಮೀನಿನವನು ಕೂಗುವುದು ಕೇಳುತ್ತಿತ್ತು. ಹುಡುಗನ ತಾಯಿ ಆ ಹೆಸರನ್ನು ಒಮ್ಮೆ ಮೆಲ್ಲಗೆ ಹೇಳಿ ನೋಡಿದರು. ಖಾಲಿ ಕುರ್ಚಿಯ ಕಡೆ ತಿರುಗಿ ಇನ್ನೊಮ್ಮೆ ಹೇಳಿದರು. ನಂತರ ನಮ್ಮ ಕಡೆ ನೋಡಿ, "ಚಂದ ಉಂಟು" ಅಂದರು. ಅಷ್ಟಕ್ಕೆ ಮಾತು ಮುಗಿಯಿತು. ಎಲೆ ಅಡಿಕೆ ಬದಲಾಯಿಸಿದರು. ಬೇಡ ಎಂದು ಹೇಳಲು ನನಗೆ ಯಾರೂ ಸಂದಿ ಕೊಡಲಿಲ್ಲ; ನಿಜ ಹೇಳಬೇಕೆಂದರೆ ಅಳುವ ಗಂಡಸಿನೆದುರು ಬಾಯಿ ಬರಲಿಲ್ಲ.

ಹೊರಡುವಾಗ ಒಂದು ಗೊಂದಲ. ಮದುವೆಯ ಮನೆಯಿಂದ ಹೊರಡುವವರು ಬರುತ್ತೇವೆ ಅನ್ನಬೇಕು. ಸಾವಿನ ಮನೆಯಿಂದ ಹೊರಡುವವರು ಹಾಗೆ ಅನ್ನಬಾರದು, ಸುಮ್ಮನೆ ಎದ್ದು ಹೋಗಬೇಕು. ಇದು ಎರಡರಲ್ಲಿ ಯಾವುದು? ಎಲ್ಲ ಕಟ್ಟಳೆ ಬಲ್ಲ ಅತ್ತಿಗೆಯೇ ತಬ್ಬಿಬ್ಬಾಗಿ ನನ್ನ ಮುಖ ನೋಡಿದರು. ನಾವು ಮೂವರೂ ಏನೂ ಹೇಳದೆ ಮೆಟ್ಟಿಲ ಕಡೆ ನಡೆದೆವು. ಹುಡುಗನ ತಾಯಿ ಬಾಗಿಲವರೆಗೆ ಬಂದರು. ಅವರು ನೋಡುತ್ತಿದ್ದದ್ದು ನನ್ನನ್ನಲ್ಲ, ನನ್ನ ಪಕ್ಕದ ಜಾಗವನ್ನು.

"ನೀ ಕೂತ್ಕೋ ಮಗಾ. ಅವರು ಹೋಗ್ಲಿ" ಅಂದರು.

ಆ ಸಣ್ಣ ಮೆಟ್ಟಿಲಿನಲ್ಲಿ ತಿರುಗಿ ನಿಲ್ಲಲೂ ಜಾಗ ಇರಲಿಲ್ಲ. ಹಿಂದೆ ಅತ್ತಿಗೆ, ಅವರ ಹಿಂದೆ ಗಂಡ. ಕೆಳಗಿಳಿದು ಬೀದಿಗೆ ಬಂದಾಗ ಸಂತೆ ಹಾಗೆಯೇ ನಡೆಯುತ್ತಿತ್ತು. ಸೇತುವೆಯ ಮೇಲೆ ಬಸ್ಸಿನಲ್ಲಿ ನಾನು ಕರೆಯಲಿಲ್ಲ, ಮನೆಯ ದಾರಿ ಅವಳಿಗೆ ಗೊತ್ತು ಅಂದುಕೊಂಡೆ. ಮದುವೆಗೆ ಇನ್ನೂ ದಿನ ಇತ್ತು, ಆಟಿಯ ಅಮಾವಾಸ್ಯೆ ಕಳೆದ ಮೇಲೆ ಎಂದು ಗೊತ್ತಾಗಿತ್ತು. ಅಲ್ಲಿಯವರೆಗೆ ಅವಳು ನನ್ನವಳೇ ಎಂದು ಸಮಾಧಾನ ಮಾಡಿಕೊಂಡಿದ್ದೆ.

ಮರುದಿನ ಭಾನುವಾರವೂ ನನಗೆ ಶಿಫ್ಟಿತ್ತು. ಎದ್ದು ಚಿಕ್ಕವಳ ಕೋಣೆಗೆ ಇಣುಕಿದೆ. ಎಷ್ಟೋ ತಿಂಗಳ ಮೇಲೆ ಬಾಯಿ ತೆರೆದುಕೊಂಡು, ಗೊರಕೆ ಹೊಡೆಯುತ್ತಾ, ಮಂಚದ ಉದ್ದಕ್ಕೂ ಕೈಕಾಲು ಚಾಚಿ ಮಲಗಿದ್ದಳು. ಕೆಳಗೆ ಬಂದು ನೀರಿಟ್ಟೆ. ನಾನಿಟ್ಟ ಹೆಸರಿನಿಂದ ಕರೆದೆ. ನೀರು ಕುದಿಯಿತು. ಇನ್ನೊಮ್ಮೆ ಕರೆದೆ. ಕೊನೆಗೆ, ನಾಚಿಕೆ ಬಿಟ್ಟು, ಗಂಡ ಹೇಳಿದ ಆ ಹೆಸರಿನಿಂದಲೂ ಕರೆದೆ. ಬೆನ್ನ ಹಿಂದೆ ಬಾಗಿಲು ಇತ್ತು, ಬಾಗಿಲ ಹತ್ತಿರ ಯಾರೂ ಇರಲಿಲ್ಲ. ಮೊದಲ ಸಲ ತಿರುಗಿ ನೋಡಿದೆ. ಕೋಟು ನೇತುಹಾಕುವ ಮೊಳೆ, ಚಪ್ಪಲಿಗಳು, ಅಷ್ಟೇ.

ಧಾರೆಯವರೆಗೂ ಅವಳು ಕಾದಿರಲಿಲ್ಲ. ಕೂತ್ಕೋ ಅಂದವರ ಮನೆಯಲ್ಲಿ ಕೂತುಬಿಟ್ಟಿದ್ದಳು. ನನಗೆ ಸಿಟ್ಟು ಬಂತು. ಹೆತ್ತ ಮಗಳ ಮೇಲೆ ಸಿಟ್ಟಾದದ್ದು ಅದೇ ಮೊದಲು. ಒಂದು ಮಾತು ಹೇಳಿ ಹೋಗಬಾರದಿತ್ತಾ, ಅಮ್ಮ ಅಂತ ಒಬ್ಬಳು ಇದ್ದಾಳೆ ಅನ್ನುವ ನೆನಪಾದರೂ ಬೇಡವಾ ಎಂದು, ಯಾವ ತಾಯಿಯಾದರೂ ಬೈಯುವ ಹಾಗೆ, ಗಟ್ಟಿಯಾಗಿ ಬೈದೆ. ಮೇಲಿನಿಂದ ಗಂಡ ಎದ್ದು ಬಂದು ಬಾಗಿಲಲ್ಲಿ ನಿಂತರು. ಯಾರಿಗೆ ಬೈಯುತ್ತಿದ್ದೀ ಎಂದು ಅವರು ಕೇಳಲಿಲ್ಲ. ತಾನೂ ಎಚ್ಚರವಾದಾಗಿನಿಂದ ಕರೆದು ನೋಡಿದೆ ಎಂದು ಮಾತ್ರ ಹೇಳಿದರು.